ಆಂಡ್ರಾಯ್ಡ್ ಅಪ್‌ಡೇಟ್ ಎಲ್ಲಿ ಸಿಕ್ಕಿಕೊಳ್ಳುತ್ತದೆ: ಟ್ರೆಬಲ್ ಲೆಕ್ಕ

ಗೂಗಲ್ ಹೊಸ ಆಂಡ್ರಾಯ್ಡ್ ಬಿಟ್ಟ ದಿನವೇ ಎಲ್ಲರ ಫೋನಿಗೂ ಬರುವುದಿಲ್ಲ. ಗೂಗಲ್, ಚಿಪ್ ಕಂಪನಿ, ಫೋನ್ ಕಂಪನಿ, ಕೆಲವು ದೇಶಗಳಲ್ಲಿ ನೆಟ್‌ವರ್ಕ್ ಕಂಪನಿಯ ಟೆಸ್ಟಿಂಗ್, ಇಷ್ಟು ಕೈ ದಾಟಬೇಕು. ಐಫೋನಿನಲ್ಲಿ ಚಿಪ್ ವಿನ್ಯಾಸವೂ ಓಎಸ್ಸೂ (ಫೋನ್ ನಡೆಸುವ ಮೂಲ ಸಾಫ್ಟ್‌ವೇರ್) ಒಂದೇ ಮನೆಯದು, ಈ ಗೋಳು ಕಡಿಮೆ. ಇದೆಲ್ಲ ಸುಲಭ.

ನಾನು ಎರಡು ದಿನ ಒದ್ದಾಡಿದ್ದು ಟ್ರೆಬಲ್ ಹತ್ತಿರ. ಇದು 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಗೂಗಲ್ ತಂದ ಬದಲಾವಣೆ. ಅದಕ್ಕೂ ಮುಂಚೆ ಓಎಸ್ ಕೋಡೂ, ಕ್ಯಾಮೆರಾ ಗೀಮೆರಾ ನಡೆಸುವ ಚಿಪ್ ಕಂಪನಿಯ ಕೋಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಟ್ರೆಬಲ್ ನಡುವೆ ಗೆರೆ ಎಳೆಯಿತು: ಮೇಲೆ ಓಎಸ್, ಕೆಳಗೆ ವೆಂಡರ್ ಭಾಗ, ಅಂದರೆ ಆ ಚಿಪ್ ಕಂಪನಿಯ ಕೋಡು. ಕೆಳಗಿನದನ್ನು ಮುಟ್ಟದೆ ಮೇಲಿನದನ್ನು ಬದಲಾಯಿಸಬಹುದು. ಅಲ್ಲಿಗೆ ಮುಗೀತಲ್ವಾ?

ಮುಗಿಯಲಿಲ್ಲ. ಫೋನ್ ಕಂಪನಿಗೆ ಹಗುರವಾಯಿತು, ಚಿಪ್ ಕಂಪನಿಗೆ ಹೊರೆ ಜಾಸ್ತಿಯಾಯಿತು. ಇದು ಹೇಗೆ ಅಂತಲೇ ತಲೆಗೆ ಹತ್ತಲಿಲ್ಲ. ಕೊನೆಗೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದೇ ಚಿಪ್ಪಿನ ಮೇಲೆ ಮೂರು ಫೋನು, ಒಂದು ಆಂಡ್ರಾಯ್ಡ್ 9ರಲ್ಲಿ, ಒಂದು 10ರಲ್ಲಿ, ಒಂದು 11ರಲ್ಲಿ ಮಾರುಕಟ್ಟೆಗೆ ಬಂದವು ಅಂದುಕೊಳ್ಳಿ. ಹಳೇ ಫೋನಿಗೆ ಅಪ್‌ಡೇಟ್ ಕೊಟ್ಟರೂ ಹಳೇ ವೆಂಡರ್ ಭಾಗವೇ ಸಾಕು, ಆದರೆ ಹೊಸದಾಗಿ ಬರುವ ಫೋನಿನ ವೆಂಡರ್ ಭಾಗ ಆ ಆಂಡ್ರಾಯ್ಡಿನ ಹೊಸ ನಿಯಮ ಪಾಲಿಸಲೇಬೇಕು. ಹಾಗಾಗಿ ಒಂದೇ ಚಿಪ್ಪಿಗೆ ಮೂರು ವೆಂಡರ್ ಭಾಗ. 9ರದ್ದು 9, 10, 11 ಮೂರರ ಕೆಳಗೂ ಓಡಬೇಕು, 10ರದ್ದು ಎರಡರ ಕೆಳಗೆ, 11ರದ್ದು ಒಂದರ ಕೆಳಗೆ. 3+2+1, ಓಎಸ್ ಮತ್ತು ವೆಂಡರ್ ಭಾಗದ ಒಟ್ಟು 6 ಜೋಡಿ! ಟ್ರೆಬಲ್‌ಗೆ ಮುಂಚೆ ಅಪ್‌ಡೇಟ್ ಜೊತೆ ವೆಂಡರ್ ಭಾಗವೂ ಹೊಸದಾಗುತ್ತಿತ್ತು, 3ರಲ್ಲಿ ಮುಗಿಯುತ್ತಿತ್ತು. ಟ್ರೆಬಲ್ ಬಂದ ಮೇಲೂ 3 ಅಂತಲೇ ನಾನು ಕೂತಿದ್ದೆ.

2020ರ ಡಿಸೆಂಬರಿನಲ್ಲಿ ಗೂಗಲ್ ಮತ್ತು ಚಿಪ್ ಕಂಪನಿ ಕ್ವಾಲ್ಕಾಮ್ ಈ ನಿಯಮವನ್ನು ಸಡಿಲಿಸಿದರು. ಹೊಸ ಫೋನಿಗೂ ಆ ಚಿಪ್ಪಿನ ಹಳೇ ವೆಂಡರ್ ಭಾಗ ನಡೆಯುತ್ತದೆ ಅಂದರು. ಕ್ವಾಲ್ಕಾಮ್‌ನ ಸ್ನಾಪ್‌ಡ್ರಾಗನ್ 888 ಚಿಪ್ಪಿನಿಂದ ಶುರುವಾಗಿ ಮೂರು ಓಎಸ್ ಅಪ್‌ಡೇಟ್, 4 ವರ್ಷದ ಸೆಕ್ಯುರಿಟಿ ಅಪ್‌ಡೇಟ್‌ಗೆ ಚಿಪ್ ಕಡೆಯಿಂದ ದಾರಿಯಾಯಿತು. ಅದನ್ನು ಕೊಡೋದು ಬಿಡೋದು ಮಾತ್ರ ಫೋನ್ ಕಂಪನಿಯ ಇಷ್ಟ.

ಇನ್ನೊಂದು, ಸುಮ್ನೆ ಸೆಟ್ಟಿಂಗ್ಸ್ ತೆಗೆದು ನೋಡಿ. ಸೆಕ್ಯುರಿಟಿ ಅಪ್‌ಡೇಟ್‌ಗೆ ಒಂದು ತಾರೀಖು, ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್‌ಗೆ ಬೇರೆ ತಾರೀಖು ಇರುತ್ತದೆ. ನನ್ನ ಫೋನಿನಲ್ಲಿ ಎರಡಕ್ಕೂ ಐದು ತಿಂಗಳ ಅಂತರ! ಮೊದಲನೆಯದು ಫೋನ್ ಕಂಪನಿಯ ಕೈ ದಾಟಿ ಬರಬೇಕು. ಎರಡನೆಯದು 2019ರ ಆಂಡ್ರಾಯ್ಡ್ 10ರಿಂದ ಶುರುವಾದ ಮೇನ್‌ಲೈನ್, ಓಎಸ್ಸಿನ ಕೆಲವು ತುಂಡುಗಳನ್ನು ಗೂಗಲ್ ನೇರವಾಗಿ ಕಳಿಸುತ್ತದೆ.