ಪೀಠದ ಮೇಲಿಂದ ಕೇಳಿದ ಕ್ಷಮೆ

ಹೋದ ತಿಂಗಳು ನಮ್ಮ ಊರಿನದೇ ಒಂದು ಕ್ರೈಸ್ತ ಸಭೆಯ ಕಿರಿಯ ಸಭಾಪಾಲಕರು ಫೋನ್ ಮಾಡಿದ್ದರು. ಕಮಿಟಿಯಲ್ಲಿ ಜಗಳವಾಗಿ ಸಭೆ ಎರಡು ಪಾಲಾಗಿತ್ತು. “ಅಯ್ಯನವರೇ, ಭಾನುವಾರ ಪ್ರಸಂಗ ಪೀಠದಿಂದಲೇ ಕ್ಷಮೆ ಕೇಳಿದೆ. ಆದ್ರೂ ಯಾರೂ ಕರಗ್ಲಿಲ್ಲ” ಎಂದರು. ಏನಂತ ಕೇಳಿದ್ರಿ ಎಂದೆ. “ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ ಅಂದೆ.” ಯಾರ ಮನೆಗೆ ಹೋಗಿದ್ರಿ ಎಂದೆ. ಆ ಕಡೆ ಮಾತಿಲ್ಲ.

ನಿವೃತ್ತನಾದ ಮೇಲೆ ಜಗಳ ಹೊಕ್ಕ ಸಭೆಗಳು ಕರೆದಾಗ ಹೋಗಿ ನಡುವೆ ಕೂರುವುದು ನನ್ನ ಕೆಲಸವಾಗಿದೆ. ಪ್ರತಿ ಸಾರಿಯೂ ಈ ಪ್ರಶ್ನೆಗೆ ಇದೇ ಮೌನ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬರುತ್ತದೆ. ದೇವಶಾಸ್ತ್ರ ಓದಿದವರು, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಬಾಯಿಪಾಠ ಹೇಳುವವರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಅಲ್ಲಿದೆ. ವೇದಿಯ ಬಳಿಯೇ ನಿಂತು ಮೈಕ್ ಹಿಡಿದು ಒಂದಾಗು ಎಂದಿಲ್ಲ.

ಪೀಠದಿಂದ ಕೇಳಿದ್ದು ಯಾಕೆ ಸಾಲದು? ಅಲ್ಲಿ ಮಾತಾಡುವವರು ನಾವೊಬ್ಬರೇ. ಕೆಳಗೆ ಕೂತವರು ಎದ್ದು “ಇಲ್ಲ ಅಯ್ಯನವರೇ, ನೋವಾಗಿದ್ದು ಅದಕ್ಕಲ್ಲ, ಇದಕ್ಕೆ” ಎನ್ನಲಾರರು. ಎಂದರೆ ಆರಾಧನೆ ಕೆಡಿಸಿದರು ಎಂಬ ಹೆಸರು. ನೋವಾಗಿದ್ದ‘ರೆ’ ಎಂದು ನಾವು ಸೇರಿಸಿದ ಕೂಡಲೇ ನೋವಾಗಿದೆಯೋ ಇಲ್ಲವೋ ಎಂದು ಸಾಬೀತು ಮಾಡುವ ಹೊರೆಯೂ ಅವರ ಮೇಲೆಯೇ ಬಿತ್ತು. ಅವರ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಹಾಗಲ್ಲ. ಅಲ್ಲಿ ಅವರು ಉತ್ತರ ಕೊಡಬಹುದು, ಸುಮ್ಮನಿರಬಹುದು, ಕಾಫಿಯನ್ನೂ ಕೊಡದೆ ಕಳಿಸಬಹುದು. ದೀನತೆ ಎಂದರೆ ಮೆಲ್ಲಗೆ ಮಾತಾಡುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಮಗೆ ಎದುರುತ್ತರ ಸಿಗಬಹುದಾದ ಜಾಗಕ್ಕೆ ನಾವಾಗಿ ನಡೆದು ಹೋಗುವುದನ್ನು ನಾನು ದೀನತೆ ಎನ್ನುತ್ತೇನೆ. ಇದನ್ನು ನಾನೂ ತಡವಾಗಿಯೇ ಕಲಿತೆ.

ಬೆಂಗಳೂರಿನಲ್ಲಿ ಒಂದೇ ಗುಡಿಯಲ್ಲಿ ಎರಡು ಮೂರು ಭಾಷೆಯ ಆರಾಧನೆ ನಡೆಯುವುದು ಸಾಮಾನ್ಯ. ನಾನಿದ್ದ ಒಂದು ಸಭೆಯಲ್ಲಿ ಯುವಜನರು ಬೆಳಗಿನ ಹೊತ್ತಿಗೆ ಇಂಗ್ಲಿಷ್ ಆರಾಧನೆ ಬೇಕೆಂದರು. ಕಮಿಟಿಯಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನವಾಗಿ, ಎಂಟೂವರೆಯ ಕನ್ನಡ ಆರಾಧನೆ ಹತ್ತೂವರೆಗೆ ಹೋಯಿತು. ಕೆಲವು ಹಳೆಯ ಕುಟುಂಬಗಳು ಬರುವುದನ್ನೇ ಬಿಟ್ಟವು. ಗಾಯನ ತಂಡದ ಹಿರಿಯರೊಬ್ಬರು ಆ ಗುಂಪಿನ ಮುಂದಾಳು ಎಂದು ನನ್ನ ಕಿವಿಗೆ ಬಿತ್ತು. ಇದು ಭಾಷೆಯ ಹಟ ಎಂದು ನಾನೇ ಲೆಕ್ಕ ಹಾಕಿ, ಮೂರು ಭಾನುವಾರ ಬೈಬಲಿನ ಅರಣ್ಯಕಾಂಡದ ಹದಿನಾರನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದೆ. ಮೋಶೆಗೆ ತಿರುಗಿಬಿದ್ದ ಕೋರಹನನ್ನೂ ದಾತಾನ್, ಅಬೀರಾಮರನ್ನೂ ಭೂಮಿ ಬಾಯ್ದೆರೆದು ನುಂಗಿದ ಭಾಗ. ಯಾರಿಗೆ ಹೇಳುತ್ತಿದ್ದೇನೆಂದು ಇಡೀ ಸಭೆಗೆ ಗೊತ್ತಿತ್ತು.

ನಾಲ್ಕನೆಯ ವಾರ ನನ್ನ ಹೆಂಡತಿ “ಒಂದ್ಸಾರಿ ಹೋಗಿ ಮಾತಾಡ್ಸಿ ಬನ್ನಿ” ಎಂದಳು. ಲಕ್ಕಸಂದ್ರದಲ್ಲಿ ಆ ಹಿರಿಯರ ಕಿರಿದಾದ ಮನೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಅಯ್ಯನವರೇ, ಮಗಳು ಆಸ್ಪತ್ರೆ ಡ್ಯೂಟಿಗೆ ಹೋಗೋಕ್ಮುಂಚೆ ಸ್ಕೂಟರ್‌ನಲ್ಲಿ ಗುಡಿಗೆ ಬಿಡ್ತಿದ್ಲು. ಹತ್ತೂವರೆಗೆ ನನ್ನನ್ನ ಕರ್ಕೊಂಡು ಬರೋರು ಯಾರೂ ಇಲ್ಲ. ನೀವು ಮೂರು ವಾರ ಪ್ರಸಂಗ ಮಾಡಿದ್ರಂತೆ. ಒಂದ್ಸಾರಿ ಕೇಳಿದ್ರೆ ಹೇಳ್ತಿದ್ದೆ” ಎಂದರು. ಹಟವೂ ಇರಲಿಲ್ಲ, ಗುಂಪೂ ಇರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ಅದೇ ಅಧ್ಯಾಯವನ್ನು ಮತ್ತೆ ಓದಿದೆ. ದೂರು ಕೇಳಿದ ಕೂಡಲೇ ಮೋಶೆ ಬೋರಲು ಬೀಳುತ್ತಾನೆ. ದಾತಾನ್, ಅಬೀರಾಮರನ್ನು ಕರೆಸಿದರೆ ಅವರು ಬರುವುದಿಲ್ಲ ಎನ್ನುತ್ತಾರೆ. ಒಬ್ಬನ ಪಾಪಕ್ಕೆ ಸಮೂಹದ ಮೇಲೆಲ್ಲ ಕೋಪವೇ ಎಂದು ಮೋಶೆ ದೇವರೊಡನೆ ಜನರ ಪರವಾಗಿ ಬೇಡುತ್ತಾನೆ. ಕೊನೆಗೆ ತಾನೇ ಎದ್ದು ಅವರ ಡೇರೆಗಳ ಬಳಿಗೆ ಹೋಗುತ್ತಾನೆ. ಹೋದದ್ದು ಎಚ್ಚರಿಸುವುದಕ್ಕೆ, ನಿಜ. ಆದರೂ ಕಾಲೆತ್ತಿ ಹೋದ. ಭೂಮಿ ಬಾಯ್ದೆರೆದದ್ದು ಆಮೇಲೆ. ಮೂರು ವಾರ ಪ್ರಸಂಗ ಮಾಡಿದ ನನಗೆ ಆ ಮೊದಲಿನ ವಚನಗಳು ಕಣ್ಣಿಗೇ ಬಿದ್ದಿರಲಿಲ್ಲ.

ನಂತರ ಹಿಡಿದ ದಾರಿ ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯದ್ದು. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಿನ ಯೆಹೂದ್ಯರು ಗೊಣಗಿದಾಗ ಅಪೊಸ್ತಲರು ಪ್ರಸಂಗದಿಂದ ಉತ್ತರಿಸಲಿಲ್ಲ. ಸಭೆ ಕರೆದು, ನೀವೇ ಏಳು ಮಂದಿಯನ್ನು ಆರಿಸಿ ಎಂದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರೂ ಗ್ರೀಕ್ ಹೆಸರುಗಳೇ. ಹೆಸರೊಂದರಿಂದಲೇ ಯಾವ ಕಡೆಯವರೆಂದು ಖಚಿತವಾಗಿ ಹೇಳಲಾಗದು, ಆದರೆ ದೂರು ಕೊಟ್ಟವರ ಕೈಗೇ ಹಂಚಿಕೆ ಹೋಯಿತು ಎಂದು ಓದುವುದು ಸಹಜ. ನಾವೂ ಸಮಯ ಗೊತ್ತುಮಾಡುವ ಕೆಲಸವನ್ನು ಬರುವುದು ಬಿಟ್ಟವರಿಗೇ ಕೊಟ್ಟೆವು. ಕನ್ನಡ ಎಂಟಕ್ಕೆ, ಇಂಗ್ಲಿಷ್ ಹತ್ತಕ್ಕೆ ಎಂದರು. ಯುವಜನರು ಒಪ್ಪಿದರು.

ಮನೆಗೆ ಹೋಗುವವರಿಗೆ ಇನ್ನೊಂದು ಮಾತು. ಕಾರ್ಯದರ್ಶಿಯನ್ನು ಜೊತೆಗೆ ಕರೆದೊಯ್ಯಬೇಡಿ, ಮಿನಿಟ್ಸ್ ಪುಸ್ತಕ ಹಿಡಿದು ಹೋಗಬೇಡಿ. ಅವರು ಮಾತು ಮುಗಿಸುವ ಮುಂಚೆ “ಪ್ರಾರ್ಥನೆ ಮಾಡೋಣ್ವಾ” ಎನ್ನಬೇಡಿ. ನಮ್ಮ ವಾದವನ್ನು ದೇವರಿಗೆ ಹೇಳುವ ನೆಪದಲ್ಲಿ ಎದುರಿನವರಿಗೆ ಹೇಳಿ ಆಮೆನ್ ಅನ್ನುವುದನ್ನು ಬಹಳ ಕಂಡಿದ್ದೇನೆ. ಅದೂ ಪೀಠವೇ.

ಎಲ್ಲ ಜಗಳಕ್ಕೂ ಇದೇ ಮದ್ದು ಎನ್ನುತ್ತಿಲ್ಲ. ಸಭೆಯ ಹಣ ತಪ್ಪಿದ್ದರೆ ಮೊದಲು ಆಡಿಟರ್ ಬರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ ಸಂಧಾನದ ಮಾತೇ ಇಲ್ಲ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.

ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಕರ್ತನ ಭೋಜನದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಕ್ರಮವಿದೆ. 1950ರ ಆರಾಧನಾ ಕ್ರಮದಲ್ಲಿ ಸೇರಿದ್ದು, ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಬಂದದ್ದು. ಅದು ಮೇಜಿನ ಬಳಿಯಿಂದ ಹೊರಟು ಸಭೆಯ ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಹೊಸ ಸಮಯ ಶುರುವಾದ ಭಾನುವಾರ ಆ ಹಿರಿಯರು ಗಾಯನ ತಂಡದ ತಮ್ಮ ಹಳೆಯ ಜಾಗದಲ್ಲಿದ್ದರು. ಸಮಾಧಾನ ದಾಟಿಸುವವರ ಕೈಗೆ ಬಿಡದೆ ನಾನೇ ಇಳಿದು ಅವರ ಬಳಿಗೆ ಹೋದೆ. ಎರಡು ಕುಟುಂಬಗಳು ಮಾತ್ರ ತಿರುಗಿ ಬರಲೇ ಇಲ್ಲ. ಅವರ ಮನೆಗಳಿಗೂ ಹೋಗಿದ್ದೆ. ಒಂದು ಮನೆಯಲ್ಲಿ ಕೂರಿಸಿ ಮಾತಾಡಿದರು, ಇನ್ನೊಂದರಲ್ಲಿ ಬಾಗಿಲು ತೆರೆಯಲಿಲ್ಲ.