ಪದ ಪರಿಚಯ: ತುಕ್ಕು, ಅದು ಹಳೇ ಸಣ್ಣ ಕಾರನ್ನು ಹಿಡಿಯುವ ಬಗೆ

ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹಸಿರು ಏರಿರುತ್ತದೆ. ಅದು ಕಿಲುಬು. ಮಳೆಯಲ್ಲಿ ಅಂಗಳದಲ್ಲೇ ಮರೆತ ಕತ್ತಿಗೆ ಆಗುವುದು ತುಕ್ಕು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿರುವುದು ಒಳ್ಳೆಯದೇ. ಕಿಲುಬು ತಾಮ್ರ, ಹಿತ್ತಾಳೆ, ಕಂಚಿನದು. ಹುಣಸೆಹುಳಿ ಹಾಕಿ ತಿಕ್ಕಿದರೆ ಪಾತ್ರೆ ಮತ್ತೆ ಹೊಳೆಯುತ್ತದೆ. ತುಕ್ಕು ಕಬ್ಬಿಣದ್ದು. ತಿಕ್ಕಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ಆ ಪುಡಿ ಹೋದ ವಾರದವರೆಗೆ ಕತ್ತಿಯೇ ಆಗಿತ್ತು.

ತುಕ್ಕು ‘ಬಂತು’ ಅನ್ನುವುದಕ್ಕಿಂತ ತುಕ್ಕು ‘ಹಿಡಿಯಿತು’ ಅನ್ನುವುದೇ ಜಾಸ್ತಿ. ಮಳೆ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ. ಹಾಗೆ ಹಿಡಿದದ್ದು ಬೇಗ ಬಿಡುವುದಿಲ್ಲ.

ಈ ‘ಹಿಡಿಯುವುದು’ ಎಂಥದು ಅಂತ ನನಗೆ ಗೊತ್ತಾದದ್ದು ಉಡುಪಿಯ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ. ಅಪ್ಪನ ಹಳೇ ಸಣ್ಣ ಕಾರು. ಯಾವ ಕಂಪನಿಯದು ಅಂತ ಕೇಳಬೇಡಿ. ನೋಡಲು ಚೆಂದವೇ ಇತ್ತು, ಬಾಗಿಲ ಕೆಳಗೆ ಮಾತ್ರ ಎರಡು ಕಡೆ ಪೈಂಟ್ ಗುಳ್ಳೆ ಎದ್ದಿತ್ತು. ಸ್ವಲ್ಪ ಪುಟ್ಟಿ ಹಾಕಿ ಟಚ್ ಅಪ್ ಮಾಡಿ ಕೊಡಿ ಅಂದೆ. ಟಿಂಕರ್ ಏನೂ ಹೇಳಲಿಲ್ಲ. ಸ್ಕ್ರೂ ಡ್ರೈವರ್ ತಂದು ಗುಳ್ಳೆಯ ಮೇಲೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು.

‘ಇದು ಶೀಟ್ ಅಲ್ಲ ಮಾರಾಯ್ರೇ, ಹಪ್ಪಳ’ ಅಂದರು.

ಮ್ಯಾಟ್ ಎತ್ತಿದರೆ ಬ್ರೇಕ್ ಪೆಡಲಿನ ಪಕ್ಕದಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು. ಇಷ್ಟು ದಿನ ಅಪ್ಪ ಕಾಲಿಡುತ್ತಿದ್ದದ್ದು ಮ್ಯಾಟಿನ ಮೇಲೆ, ಕಾರಿನ ಮೇಲಲ್ಲ.

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ. ಅದಕ್ಕೇ ಮೇಲಿನ ಪೈಂಟ್ ಗುಳ್ಳೆ ಏಳುವುದು. ಅಲ್ಯೂಮಿನಿಯಂ ಕೂಡ ಆಮ್ಲಜನಕದ ಜೊತೆ ಸೇರುತ್ತದೆ, ಆದರೆ ಅದರ ಮೇಲೆ ಬಿಗಿಯಾದ ತೆಳು ಪದರ ಕಟ್ಟಿ ಒಳಗಿನದನ್ನು ಕಾಯುತ್ತದೆ. ತುಕ್ಕಿಗೆ ಆ ಬುದ್ಧಿ ಇಲ್ಲ. ಅದು ಸಡಿಲ, ತೂತುತೂತು. ನೀರು ಹೀರಿಕೊಂಡು ಕೆಳಗಿನ ಕಬ್ಬಿಣಕ್ಕೆ ಮುಟ್ಟಿಸುತ್ತದೆ.

ಹಾಗೆ ನೋಡಿದರೆ ಕಬ್ಬಿಣ ಭೂಮಿಯಲ್ಲಿ ಸಿಗುವುದೇ ಹೆಚ್ಚಾಗಿ ಆಮ್ಲಜನಕ ಸೇರಿದ ಅದಿರಾಗಿ. ನಮ್ಮ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ಕೆಂಪು ಕೂಡ ಕಬ್ಬಿಣದ ಆಕ್ಸೈಡಿನದೇ, ತುಕ್ಕಿನ ದಾಯಾದಿ. 2005ರ ಕೊನೆಗೆ ಗಣಿ ನಿಲ್ಲುವವರೆಗೆ ಕುದುರೆಮುಖದಿಂದ ಮಂಗಳೂರಿನ ಪಣಂಬೂರಿಗೆ ಪೈಪಿನಲ್ಲಿ ನೀರಿನ ಜೊತೆ ಹರಿದು ಬರುತ್ತಿದ್ದದ್ದೂ ಇಂಥದೇ ಅದಿರು. ಕುಲುಮೆಯಲ್ಲಿ ಕಷ್ಟಪಟ್ಟು ಬೇರ್ಪಡಿಸಿದ ಕಬ್ಬಿಣ ಸಂದು ಸಿಕ್ಕಿದರೆ ವಾಪಸ್ ಹೊರಡುತ್ತದೆ.

ಕಡಲ ಕರೆಯಲ್ಲಿ ತುಕ್ಕು ಹಿಡಿದರೆ ಎಲ್ಲರೂ ಉಪ್ಪನ್ನು ದೂರುತ್ತಾರೆ. ಉಪ್ಪಿನ ಪಾಲು ಏನು? ಉಪ್ಪಿಲ್ಲದೆಯೂ ತುಕ್ಕು ಹಿಡಿಯುತ್ತದೆ, ಆದರೆ ನಿಧಾನ. ತುಕ್ಕು ಹಿಡಿಯುವ ಜಾಗದಲ್ಲಿ ಸಣ್ಣದೊಂದು ಬ್ಯಾಟರಿಯ ಕೆಲಸ ನಡೆಯುತ್ತಿರುತ್ತದೆ. ಉಪ್ಪು ಬೆರೆತ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಇನ್ನೊಂದು ಉಪದ್ರ ಬೇರೆ ಇದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದೆ ಅಲ್ವಾ? ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನಾಗಿ ನೀರೆಳೆದು ಕರಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಅಷ್ಟು ತೇವ ಮಾಮೂಲು. ಅಂದರೆ ಕಾರಿನ ಅಡಿಗೆ ಅಂಟಿದ ಉಪ್ಪಿನ ಪುಡಿಯೂ ಅದೇ ಭರಣಿಯ ಹಾಗೆ. ಮಳೆ ನಿಂತರೂ ಕಾರಿನ ಅಡಿ ಒಣಗುವುದಿಲ್ಲ.

ಉಪ್ಪು ಅಲ್ಲಿಗೆ ಹೋಗುವುದು ಉಪ್ಪುಗಾಳಿಯಿಂದ ಮಾತ್ರ ಅಲ್ಲ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಡಲು ಜೋರಾದ ದಿನ ಅಲೆಯ ತುಂತುರು ಕಾರಿಗೇ ಬೀಳುತ್ತದೆ. ಮಲ್ಪೆಯಿಂದಲೋ ಮಂಗಳೂರಿನ ಮೀನಿನ ಧಕ್ಕೆಯಿಂದಲೋ ಹೊರಟ ಮೀನಿನ ಲಾರಿಯ ಹಿಂದೆ ಹೋದವರಿಗೆ ಅದರಿಂದ ಸೋರುವ ಉಪ್ಪುನೀರಿನ ವಾಸನೆ ಗೊತ್ತು. ಬೈಕಿನವರು ಬೈಯುತ್ತಾರೆ, ಕಾರಿನವರು ಗ್ಲಾಸ್ ಏರಿಸಿ ಸುಮ್ಮನಾಗುತ್ತಾರೆ. ನಿಜವಾಗಿ ಬೈಯಬೇಕಾದದ್ದು ಕಾರಿನವರೇ. ಯುರೋಪಿನ ಚಳಿ ದೇಶಗಳಲ್ಲಿ ರಸ್ತೆಯ ಹಿಮ ಕರಗಲಿ ಅಂತ ಬೇಕೆಂದೇ ಉಪ್ಪು ಚೆಲ್ಲುತ್ತಾರೆ. ಅಲ್ಲಿನ ಹಳೇ ಕಾರುಗಳನ್ನು ತಿಂದದ್ದೂ ಅದೇ.

ಹಾಗಾದರೆ ಅದೇ ರಸ್ತೆಯಲ್ಲಿ ಓಡುವ ಲಾರಿ, ಜೀಪುಗಳಿಗೆ ಇಷ್ಟು ಕೇಡು ಯಾಕಿಲ್ಲ? ಅವುಗಳಿಗೂ ತುಕ್ಕು ಹಿಡಿಯುತ್ತದೆ. ಆದರೆ ಅವುಗಳಲ್ಲಿ ದಪ್ಪ ಚಾಸಿಸ್, ಅಂದರೆ ಅಡಿಯ ಚೌಕಟ್ಟು ಬೇರೆ, ಮೇಲಿನ ಬಾಡಿ ಬೇರೆ. ಬಾಡಿ ತೂತಾದರೂ ಚಾಸಿಸ್ ಹೊತ್ತುಕೊಳ್ಳುತ್ತದೆ. ಸಣ್ಣ ಕಾರಿನಲ್ಲಿ ತೂಕ ಉಳಿಸಲು ಬೇರೆ ಚಾಸಿಸ್ಸೇ ಇಟ್ಟಿಲ್ಲ. 1953ರ ಫಿಯೆಟ್ 1100 ಹೀಗೆ ಬಂತು. ಕುರ್ಲಾದಲ್ಲಿ ತಯಾರಾಗುತ್ತಿದ್ದ ನಮ್ಮ ಪ್ರೀಮಿಯರ್ ಪದ್ಮಿನಿ ಅದರದೇ ವಂಶ. ಅಲೆಕ್ ಇಸಿಗೋನಿಸ್ ರೂಪಿಸಿ 1959ರಲ್ಲಿ ಬಂದ ಬ್ರಿಟನ್ನಿನ ಮಿನಿ, 1983ರ ಮಾರುತಿ 800 ಎಲ್ಲ ಹೀಗೆಯೇ. ಬಾಡಿಯೇ ಎಲುಬು.

ಒಂದು ಮಿಲಿಮೀಟರಿಗಿಂತ ತೆಳುವಾದ ಶೀಟ್ ಅಷ್ಟು ಭಾರ ಹೊರುವುದು ಮಡಚಿದ್ದರಿಂದ. ಕಾಗದವನ್ನು ಕೊಳವೆ ಸುತ್ತಿ ನಿಲ್ಲಿಸಿದರೆ ಮೇಲೆ ಪುಸ್ತಕ ಇಡಬಹುದಲ್ಲ, ಹಾಗೆ. ಶೀಟನ್ನು ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿ ಉದ್ದುದ್ದ ಪೆಟ್ಟಿಗೆ ಮಾಡುತ್ತಾರೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಅಂಥ ಒಂದು ಪೆಟ್ಟಿಗೆ. ಹಳೇ ಕಾರುಗಳಲ್ಲಿ ಈ ಪೆಟ್ಟಿಗೆಗಳ ಹೊರಗೆ ಪೈಂಟ್ ಇತ್ತು, ಒಳಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಎರಡು ಅಂಚು ಕೂಡುವ ಸಂದಿನಲ್ಲಂತೂ ನೀರು ಒಮ್ಮೆ ಹೊಕ್ಕರೆ ಅಲ್ಲೇ ವಾಸ. ಮಿನಿಯಲ್ಲಿ ಇಂಥ ಸಂದುಗಳು ಹೊರಗೇ ಎದ್ದು ಕಾಣುತ್ತವೆ. ಅದರ ಹಿಂದಿನ ಚಕ್ರಗಳನ್ನು ಹೊರುವ ಚೌಕಟ್ಟು, ಅಂದರೆ ಸಬ್‌ಫ್ರೇಮ್ ತುಕ್ಕಿಗೆ ಹೆಸರುವಾಸಿ.

ನೀರು ಒಳಗೆ ಹೋಗಲು ದಾರಿ ಬೇಕಾದಷ್ಟಿದೆ. ಕಿಟಕಿ ಗ್ಲಾಸಿನ ರಬ್ಬರ್ ಸವೆದರೆ ಸಾಕು. ಹೊರಗೆ ಹೋಗಲು ಅಡಿಯಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ, ಅದಕ್ಕೆ ಕೆಸರು ಕೂತರೆ ಮುಗಿಯಿತು.

‘ಆಗಿನ ಕಬ್ಬಿಣ ಗಟ್ಟಿ, ಈಗಿನದ್ದು ಡಬ್ಬ’ ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಈಗಿನ ಶೀಟೂ ತೆಳುವೇ. ವ್ಯತ್ಯಾಸ ಮೇಲಿನ ಲೇಪದ್ದು. ಈಗ ಬಾಡಿಯನ್ನು ಇಡೀ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ, ಪೆಟ್ಟಿಗೆಯ ಒಳಗೂ ಪದರ ಕೂರುತ್ತದೆ. ಎಷ್ಟೋ ಕಾರುಗಳಲ್ಲಿ ಶೀಟಿಗೆ ಮೊದಲೇ ಸತುವಿನ ಲೇಪ ಇರುತ್ತದೆ. ಅಂಗಳದ ಚಪ್ಪರಕ್ಕೆ ಹಾಕುವ ಜಿಂಕ್ ಶೀಟಿನದೇ ಉಪಾಯ ಅದು. ಗೀಚಿದರೂ ಮೊದಲು ಸವೆಯುವುದು ಸತು, ಆಮೇಲೆ ಕಬ್ಬಿಣ. ಪೋರ್ಷೆ 911ಕ್ಕೆ ಇದು 1970ರ ದಶಕದ ನಡುವಿನಲ್ಲಿ, ಆಡಿ 80ಕ್ಕೆ 1986ರಲ್ಲಿ ಬಂತು. ಅಗ್ಗದ ಸಣ್ಣ ಕಾರಿಗೆ ಅಷ್ಟು ಖರ್ಚು ಮಾಡುವವರು ಆಗ ಯಾರಿದ್ದರು?

ಪುಟ್ಟಿಯ ವಿಷಯ ಟಿಂಕರ್ ಕೊನೆಗೂ ಹೇಳಿದರು. ತುಕ್ಕಿನ ಮೇಲೆ ಪುಟ್ಟಿ ಹಾಕಿದರೆ ಅದೂ ನೀರು ಕುಡಿಯುತ್ತದೆ, ಒಂದು ಮಳೆಗಾಲ ಕಳೆದರೆ ಮತ್ತೆ ಗುಳ್ಳೆ. ತುಕ್ಕಿನ ಮೇಲೆಯೇ ಟಾರು ಬಳಿದರೂ ಅಷ್ಟೇ, ಒಳಗಿನ ತೇವ ಒಳಗೇ ಉಳಿಯುತ್ತದೆ. ಕೆಟ್ಟದ್ದನ್ನು ಕತ್ತರಿಸಿ ತೆಗೆದು ಹೊಸ ಶೀಟ್ ವೆಲ್ಡ್ ಮಾಡಬೇಕು. ಮಾಡಿಸಿದೆವು.

ಕತ್ತರಿಸುವ ಮೊದಲು ಅವರು ಹಳೇ ಕೊಡೆಯ ಕಡ್ಡಿಯೊಂದನ್ನು ರನ್ನಿಂಗ್ ಬೋರ್ಡಿನ ತೂತಿಗೆ ತೂರಿಸಿ ಆಡಿಸಿದರು. ಮೊದಲು ಕಪ್ಪು ನೀರು ಬಂತು. ಆಮೇಲೆ ಅರ್ಧ ಮುಷ್ಟಿ ಕೊಳೆತ ಎಲೆ. ಅಪ್ಪ ಬಗ್ಗಿ ನೋಡಿ, ಮಾವಿನದ್ದು ಅಂದರು. ಇಪ್ಪತ್ತು ವರ್ಷ ಆ ಕಾರನ್ನು ಅವರು ಮಾವಿನ ಮರದ ಅಡಿಯಲ್ಲೇ ನಿಲ್ಲಿಸಿದ್ದು, ಬಿಸಿಲಿಗೆ ಪೈಂಟ್ ಹಾಳಾಗಬಾರದು ಅಂತ.