ಫ್ರೆಂಚ್ ವರದಿಯ ಚರ್ಮದ ಸೋಂಕಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಪ್ರಶ್ನೆ: ಫ್ರಾನ್ಸಿನಲ್ಲಿ ಓದುತ್ತಿರುವ ತಮ್ಮ ಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿದ್ದ, ಈಗ ಊರಿಗೆ ಬಂದಿದ್ದಾನೆ. ಬಿಡುಗಡೆ ಪತ್ರದಲ್ಲಿ ‘ದೆರ್ಮೊ-ಇಪೊದೆರ್ಮಿತ್ ಬಾಕ್ತೇರಿಯೆನ್ ನೋಂ ನೆಕ್ರೊಜಾಂತ್’ ಎಂದಿದೆ. ವಿಮೆಗೂ ಇಲ್ಲಿನ ವೈದ್ಯರಿಗೂ ಇಂಗ್ಲಿಷ್ ಅನುವಾದ ಬೇಕು. ಒಬ್ಬರು ಎರಿಸಿಪೆಲಾಸ್ ಎನ್ನುತ್ತಾರೆ, ಇನ್ನೊಬ್ಬರು ಸೆಲ್ಯುಲೈಟಿಸ್ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಸೆಲ್ಯುಲೈಟಿಸ್ ಸರಿ. ಆದರೆ ಅದಕ್ಕೆ ಮೊದಲು ‘ನಾನ್-ನೆಕ್ರೋಟೈಸಿಂಗ್’, ಅಂದರೆ ಅಂಗಾಂಶ ಸಾಯದ, ಎಂಬ ವಿಶೇಷಣ ಇರಲೇಬೇಕು. ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಪೆನ್ಸಿಲಿನಿಂದ ಸುತ್ತು ಹಾಕುವುದು ‘ನೋಂ’, ಅಂದರೆ ‘ಅಲ್ಲ’, ಎಂಬ ಆ ಪುಟ್ಟ ಪದಕ್ಕೆ. ಅದಿದ್ದರೆ ಆಂಟಿಬಯಾಟಿಕ್‌ನಿಂದ ವಾಸಿಯಾಗುವ ಸೋಂಕು. ಅದಿಲ್ಲದಿದ್ದರೆ ಅಂಗಾಂಶವೇ ಸಾಯುತ್ತಿದೆ, ಶಸ್ತ್ರವೈದ್ಯರು ಕೆಲವೇ ಗಂಟೆಗಳಲ್ಲಿ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕು ಎಂದು ಅರ್ಥ. ಅನುವಾದದಲ್ಲಿ ಒಂದು ಪದ ಉದುರಿದರೆ ಮುಂದಿನ ವೈದ್ಯರ ಕಣ್ಣಿಗೆ ಬೇರೆಯೇ ರೋಗಿ ಕಾಣುತ್ತಾನೆ.

ಫ್ರೆಂಚ್ ಪದ ಉದ್ದವಾದರೂ ಪ್ರಾಮಾಣಿಕವಾದದ್ದು. ಒಳಚರ್ಮ, ಅದರ ಕೆಳಗಿನ ಕೊಬ್ಬಿನ ಪದರ, ಬಾಕ್ಟೀರಿಯಾದಿಂದಾದ ಉರಿಯೂತ, ಹೀಗೆ ಸೋಂಕು ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ಅನುವಾದಕನೂ ಹಿಡಿಯಬೇಕಾದದ್ದು ಈ ಆಳವನ್ನೇ, ಪದದ ಉಚ್ಚಾರವನ್ನಲ್ಲ. ‘ನೋಂ’ ಇಲ್ಲದ ರೂಪಕ್ಕೆ ‘ನೆಕ್ರೋಟೈಸಿಂಗ್ ಸೆಲ್ಯುಲೈಟಿಸ್’ ಎನ್ನಿ. ಸ್ನಾಯುವಿನ ಮೇಲಿನ ಪೊರೆಯೂ ಸತ್ತಿದೆ ಎಂದು ಫ್ರೆಂಚ್ ವೈದ್ಯರು ‘ಫಾಸಿಯಿತ್ ನೆಕ್ರೊಜಾಂತ್’ ಎಂದು ಬರೆದಿದ್ದರೆ ಮಾತ್ರ ‘ನೆಕ್ರೋಟೈಸಿಂಗ್ ಫೇಶಿಯೈಟಿಸ್’. ಇಂಗ್ಲಿಷಿನಲ್ಲಿ ಈ ಹೆಸರು ಬಂದದ್ದು 1952ರಲ್ಲಿ. ಪೊರೆಯ ನಿಜಸ್ಥಿತಿ ಖಚಿತವಾಗುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಅವರು ಬರೆಯದಿದ್ದನ್ನು ನಾವು ಸೇರಿಸುವ ಹಾಗಿಲ್ಲ.

ಈ ನೆಕ್ರೋಟೈಸಿಂಗ್ ಫೇಶಿಯೈಟಿಸನ್ನೇ ಪತ್ರಿಕೆಗಳು ‘ಮಾಂಸ ತಿನ್ನುವ ಬಾಕ್ಟೀರಿಯಾ’ ಎನ್ನುತ್ತವೆ. 1994ರ ಡಿಸೆಂಬರಿನಲ್ಲಿ ಕೆನಡಾದ ಕ್ಯುಬೆಕ್ ನಾಯಕ ಲೂಸಿಯೆನ್ ಬೂಶಾರ್ ಅವರ ಎಡಗಾಲನ್ನು ಕತ್ತರಿಸಬೇಕಾಗಿ ಬಂದಾಗ ಈ ಮಾತು ಅಲ್ಲಿ ಎರಡೂ ಭಾಷೆಗಳಲ್ಲಿ ಮನೆಮಾತಾಯಿತು. ಸುದ್ದಿಗೆ ಸರಿ, ವೈದ್ಯಕೀಯ ಪತ್ರಕ್ಕೆ ಬೇಡ.

ಎರಿಸಿಪೆಲಾಸ್ ಎಂದವರೂ ಪೂರ್ತಿ ತಪ್ಪಲ್ಲ, ಗೊಂದಲಕ್ಕೆ ಕಾರಣವಿದೆ. 2000ದ ಜನವರಿಯಲ್ಲಿ ತೂರ್ ನಗರದಲ್ಲಿ ಸೇರಿದ ಫ್ರೆಂಚ್ ತಜ್ಞರು, ಅಂಗಾಂಶ ಸಾಯದ, ಬಹುಪಾಲು ಸ್ಟ್ರೆಪ್ಟೊಕಾಕಸ್ ಎಂಬ ಬಾಕ್ಟೀರಿಯಾದಿಂದ ಬರುವ ಸೋಂಕನ್ನು ‘ಎರಿಸಿಪೆಲ್’ ಎಂದೇ ಕರೆದರು. ಜ್ವರದೊಡನೆ ಕಾಲು ಊದಿ ಕೆಂಪಾಗುವ ಈ ಸ್ಥಿತಿಗೆ ಅಲ್ಲಿನ ವೈದ್ಯರು ‘ದಪ್ಪ ಕೆಂಪು ಕಾಲು’ ಎಂದೇ ಹೇಳುವುದುಂಟು. ಇಂಗ್ಲಿಷ್ ಪಠ್ಯಗಳಲ್ಲಿ ಎರಿಸಿಪೆಲಾಸ್ ಎಂದರೆ ಮೇಲ್ಪದರದ, ಅಂಚು ಉಬ್ಬಿ ಗೆರೆ ಎಳೆದಂತೆ ಕಾಣುವ ಸೋಂಕು. ಕೊಬ್ಬಿನ ಪದರಕ್ಕಿಳಿದರೆ ಸೆಲ್ಯುಲೈಟಿಸ್. ಹಾಗಾಗಿ ಫ್ರೆಂಚರ ಎರಿಸಿಪೆಲ್ ಇಂಗ್ಲಿಷಿನಲ್ಲಿ ಎಷ್ಟೋ ಸಲ ಸೆಲ್ಯುಲೈಟಿಸ್ ಆಗುತ್ತದೆ.

ಹಾಗಾದರೆ ಫ್ರೆಂಚಿನ ‘ಸೆಲ್ಯುಲಿತ್’? ಜನರ ಮಾತಿನಲ್ಲಿ ಅದು ತೊಡೆಯ ಮೇಲೆ ಕಿತ್ತಳೆ ಸಿಪ್ಪೆಯಂತೆ ಕಾಣುವ ಕೊಬ್ಬು, ಸೌಂದರ್ಯದ ಕ್ರೀಮುಗಳ ವಿಷಯ. ಆದರೆ ಹಲ್ಲಿನ ಕೀವಿನಿಂದ ಕತ್ತಿಗೆ ಹರಡುವ, ಉಸಿರಾಟಕ್ಕೇ ಸಂಚಕಾರ ತರಬಲ್ಲ ಸೋಂಕಿಗೂ ಫ್ರೆಂಚ್ ವೈದ್ಯರು ಇಂದಿಗೂ ‘ಸೆಲ್ಯುಲಿತ್’ ಎಂದೇ ಬರೆಯುತ್ತಾರೆ. ಸುತ್ತಲಿನ ವಾಕ್ಯ ಓದದೆ ಈ ಪದವನ್ನು ಮುಟ್ಟಬೇಡಿ.

ಎಲ್ಲಕ್ಕಿಂತ ಅಪಾಯದ ಜೋಡಿ ಇನ್ನೊಂದಿದೆ. ಫ್ರೆಂಚ್ ವರದಿಯಲ್ಲಿ ‘ಆಂತ್ರಾಕ್ಸ್’ ಎಂದಿದ್ದರೆ ಅದು ಇಂಗ್ಲಿಷಿನ ಆಂಥ್ರಾಕ್ಸ್ ಅಲ್ಲ, ಕಾರ್ಬಂಕಲ್. ನಮ್ಮ ಹಿರಿಯರು ರಾಜಕುರು ಎನ್ನುತ್ತಿದ್ದರಲ್ಲ, ಅದು: ಕತ್ತಿನ ಹಿಂದೆ ಅಥವಾ ಬೆನ್ನಿನ ಮೇಲೆ ಹಲವು ಕುರುಗಳು ಒಂದಾಗಿ, ನಾಲ್ಕಾರು ಬಾಯಿಗಳಿಂದ ಕೀವು ಸುರಿಸುವ ಗಡ್ಡೆ. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುತ್ತದೆ. ದನಕುರಿಗಳಿಂದ ಮನುಷ್ಯರಿಗೆ ಬರುವ ಆಂಥ್ರಾಕ್ಸ್‌ಗೆ ಫ್ರೆಂಚಿನಲ್ಲಿ ‘ಶಾರ್ಬೋಂ’, ಅಂದರೆ ಇದ್ದಿಲು. ಗ್ರೀಕಿನ ಆಂಥ್ರಾಕ್ಸ್ ಎಂದರೂ ಇದ್ದಿಲೇ, ಲ್ಯಾಟಿನ್ನಿನ ಕಾರ್ಬಂಕಲ್ ಎಂದರೂ ಪುಟ್ಟ ಇದ್ದಿಲೇ. ಒಂದೇ ಒಲೆಯ ಕೆಂಡವನ್ನು ಎರಡು ಭಾಷೆಗಳು ಅದಲುಬದಲಾಗಿ ಹಂಚಿಕೊಂಡಿವೆ. ಇಲ್ಲಿ ಎಡವಿದರೆ ಸ್ಟ್ಯಾಫಿಲೊಕಾಕಸ್ ಎಂಬ ಸಾಮಾನ್ಯ ಬಾಕ್ಟೀರಿಯಾದಿಂದ ಕುರು ಎದ್ದ ರೋಗಿಯ ಮೇಲೆ ಆರೋಗ್ಯ ಇಲಾಖೆಗೆ ವರದಿ ಹೋಗುವಂಥ ರೋಗದ ಹೆಸರು ಬೀಳುತ್ತದೆ.

‘ಎಸ್ಕಾರ್’ ಕೂಡ ಹೀಗೆಯೇ: ಹಾಸಿಗೆ ಹಿಡಿದವರಿಗಾಗುವ ಒತ್ತಡದ ಹುಣ್ಣೂ ಆಗಬಹುದು, ಸತ್ತ ಚರ್ಮದ ಕಪ್ಪು ಹೊಪ್ಪಳಿಕೆಯೂ ಆಗಬಹುದು. ನೋವಿನ ಜಾಗ ನೋಡಿ ನಿರ್ಧರಿಸಬೇಕು.

ಅನುಮಾನ ಬಂದರೆ ಪತ್ರದಲ್ಲಿ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಸಂಕೇತವಿದೆಯೇ ಎಂದು ಹುಡುಕಿ. ಹತ್ತನೆಯ ಆವೃತ್ತಿಯಲ್ಲಿ ಎ46 ಎಂದರೆ ಎರಿಸಿಪೆಲಾಸ್, ಎ22 ಎಂದರೆ ಆಂಥ್ರಾಕ್ಸ್, ಎಂ72.6 ಎಂದರೆ ನೆಕ್ರೋಟೈಸಿಂಗ್ ಫೇಶಿಯೈಟಿಸ್. ಎಲ್03 ಇಂಗ್ಲಿಷ್ ಪಟ್ಟಿಯಲ್ಲಿ ಸೆಲ್ಯುಲೈಟಿಸ್, ಫ್ರೆಂಚ್ ಪಟ್ಟಿಯಲ್ಲಿ ‘ಫ್ಲೆಗ್ಮೋಂ’. ಹೆಸರು ಬೇರೆಯಾದರೂ ಸಂಕೇತ ಒಂದೇ.

ನಿಮ್ಮ ತಮ್ಮನ ಪತ್ರದ ಸಾಲಿಗೆ ನಾನಾದರೆ ‘ನಾನ್-ನೆಕ್ರೋಟೈಸಿಂಗ್ ಬ್ಯಾಕ್ಟೀರಿಯಲ್ ಸೆಲ್ಯುಲೈಟಿಸ್’ ಎಂದು ಬರೆದು, ಯಾವ ಕಾಲು ಎಂಬುದನ್ನು ಪತ್ರದಲ್ಲಿರುವಂತೆಯೇ ಸೇರಿಸಿ, ಮೂಲ ಫ್ರೆಂಚ್ ಪದವನ್ನೂ ಕೆಳಗೆ ಹಾಗೆಯೇ ಇಡುತ್ತೇನೆ. ‘ಎರಿಸಿಪೆಲ್’ ಎಂಬ ಪದ ಪತ್ರದ ಬೇರೆಡೆ ಕಂಡರೆ ಅದನ್ನೂ ಬಿಡಬೇಡಿ, ಎರಡೂ ಒಂದೇ ಸೋಂಕಿನ ಮಾತು ಎಂದು ಅಡಿಯಲ್ಲಿ ಒಂದು ಸಾಲು ಸೇರಿಸಿ.